ಎರಡನೇ ಅಧ್ಯಾಯವೂ ಬಂಗುಡೆ ಸಾರೂ

ಮೀನು ಮಾರುವ ಹೆಂಗಸರ ಬದುಕಿನ ಮೇಲೆ ನನ್ನ ಪಿಎಚ್‌ಡಿ. ಮೀನಿನ ಮುಳ್ಳಿಗಿಂತ ನನಗೆ ಹೆಚ್ಚು ಚುಚ್ಚಿದ್ದು ಎರಡನೇ ಅಧ್ಯಾಯ, ಸಾಹಿತ್ಯ ಸಮೀಕ್ಷೆ. ಮೊದಲಿನವರು ಬರೆದದ್ದನ್ನೆಲ್ಲ ಓದಿ, ಅವರು ಬಿಟ್ಟದ್ದೇನು ಅಂತ ಹುಡುಕಬೇಕು. "ಸೋಮವಾರದೊಳಗೆ ಸಿಗದಿದ್ರೆ ಸಹಿ ಹಾಕೋದಿಲ್ಲ" ಎಂದಿದ್ದರು ಗೈಡ್. ಇಂಥ ಹೊತ್ತಲ್ಲೇ ನನಗೆ ಇಲ್ಲದ್ದೆಲ್ಲ ಆಗುವುದು.

ಕುಂದಾಪುರ: ನಮ್ಮ ಜಗಲಿ

ಹರಡಿದ ಕಾಗದಗಳನ್ನು ಅಮ್ಮ ಬಗ್ಗಿ ನೋಡಿದರು.

"ಇದೆಲ್ಲ ಬೇರೆಯವ್ರ್ ಬರ್ದದ್ದಲ್ದಾ? ಅದನ್ನ್ ಕಂಡ್ಕಂಡ್ ನೀನ್ ಬರೂದಾ?"

"ಬರ್ದವ್ರ್ ಹೆಸ್ರ್ ಹಾಕ್ತೆ ಅಮ್ಮ."

"ಏಳನೇ ಕ್ಲಾಸಲ್ಲಿ ಕಂಡ್ ಬರ್ದಿ ಅಂತ ಮೇಷ್ಟ್ರ್ ಹೊಡಿಲಿಲ್ಯಾ? ಆಗ್ಳೇ ಹೆಸ್ರ್ ಹಾಕಿದ್ರೆ ಡಾಕ್ಟ್ರೇಟ್ ಸಿಕ್ತಿತ್ತ್!"

ಬ್ರಹ್ಮಾವರ: ಲೈಬ್ರರಿ

ಲೈಬ್ರರಿಯವರು ನಾಲ್ಕು ಥೀಸಿಸ್ ತಂದು ಧೂಳು ಕೊಡವಿದರು. ಎಲ್ಲಕ್ಕಿಂತ ಹಳೆಯದು ನನ್ನ ಗೈಡ್ ಬರೆದದ್ದೇ. ನಾಲ್ಕರಲ್ಲೂ ಉಪ್ಪುಂದದ ಒಬ್ಬ ಮೀನು ಮಾರುವ ಹೆಂಗಸಿನ ಅದೇ ಮಾತು: "ಕಡಲೇ ನಮ್ಮ ತಾಯಿ."

"ಇದನ್ನ ಪೂರ್ತಿ ಓದಿದವರು ಯಾರಾದ್ರೂ ಇದ್ದಾರಾ?" ಎಂದೆ.

"ಗೆದ್ದಲ್ ಹಿಡ್ದಿತ್ತ್. ಅದೂ ಅರ್ಧಕ್ಕೇ ಬಿಟ್ಟಿತ್ ಕಾಣಿ."

ಉಪ್ಪುಂದ: ಭಾನುವಾರ

ಮೀನು ಮಾರುವವರ ಬದುಕಿನ ಬಗ್ಗೆ ಯಾರ ಹತ್ತಿರ ಮಾತಾಡಲಿ ಎಂದು ಪೇಟೆಯಲ್ಲಿ ಕೇಳಿದರೆ ಎಲ್ಲರೂ ಒಬ್ಬರನ್ನೇ ತೋರಿಸಿದರು. ಬಂಗುಡೆ ಮೀನು ಕೊಯ್ಯುತ್ತಿದ್ದ ಆ ಅಮ್ಮ ನನ್ನ ನೋಟ್‌ಬುಕ್ ಕಂಡದ್ದೇ ಶುರುಮಾಡಿದರು.

"ಬರ್ಕೊ ಹೆಣ್ಣೆ. ಕಡ್ಲೇ ನಮ್ ತಾಯಿ. ಹಿಂದ್ ಬಂದವ್ರಿಗೆಲ್ಲ ಅದ್ ಭಾರಿ ಖುಷಿ."

ನೋಟ್‌ಬುಕ್ ಮುಚ್ಚಿದೆ. ನಾಲ್ಕು ಥೀಸಿಸ್‌ಗೂ ಒಬ್ಬರೇ! "ಅಮ್ಮಾ, ಅವ್ರ್ ಬಿಟ್ಟದ್ದ್ ಎಂತಾದ್ರೂ ಇತ್ತಾ? ಇಲ್ದಿದ್ರೆ ನಾಳೆ ನನ್ನ ಕಥೆ ಮುಗೀತ್."

"ಪ್ರಶ್ನೆ ಕೇಂಬುದ್ರಲ್ಲಿ ಎಂತದೂ ಬಿಡ್ಲಿಲ್ಲೆ. ಪುಸ್ತಕ ಆದ್ಮೇಲೆ ತಂದ್ ತೋರ್ಸ್ತೆ ಅಂದ್ರ್. ಅದೊಂದ್ ಬಿಟ್ರ್. ಮೊದ್ಲ್ ಬಂದ ಕನ್ನಡಕದ ಮಾಣಿ ಬಂಗ್ಡಿ ಸಾರ್ ಮೂರ್ ಸಲ ಹಾಕ್ಸ್ಕಂಡ್ ಉಂಡಿದ!"

"ಆ ಮಾಣಿಯೇ ಈಗ ನನ್ನ ಗೈಡ್" ಎಂದೆ. ಅಷ್ಟರಲ್ಲಿ ಅವರದೇ ಫೋನ್.

"ಸರ್, ಸಿಕ್ಕಿತು! ಮಾಹಿತಿ ಕೊಟ್ಟವರ ಹತ್ತಿರ ಯಾರೂ ವಾಪಸ್ ಹೋಗಿಲ್ಲ."

"ಆಧಾರ ಬೇಕಲ್ಲ?"

ಆಧಾರವೇ ಫೋನ್ ಕಸಿದುಕೊಂಡಿತು. "ಹ್ವಾಯ್ ಮಾಣಿ! ಉಂಡದ್ದ್ ಕರಗಿತಾ? ಪುಸ್ತಕ ಎಲ್ಲಿತ್ತ್?"

ಸೋಮವಾರ ಸಹಿಯೂ ಸಿಕ್ಕಿತು, ಉಪ್ಪುಂದದ ಅಮ್ಮನಿಗೆ ಕೊಡಲೆಂದು ಸರ್ ಬರೆದ ಥೀಸಿಸ್‌ನ ಒಂದು ಪ್ರತಿಯೂ ಸಿಕ್ಕಿತು. ಖುಷಿಗೆ ಕುಣಿಯುವುದೊಂದು ಬಾಕಿ. ಅದೇ ದಿನ ಉಪ್ಪುಂದಕ್ಕೆ ಹೋಗಿ "ಕಡಲೇ ನಮ್ಮ ತಾಯಿ" ಇದ್ದ ಪುಟ ಓದಿ ಹೇಳಿದೆ.

ಆ ಅಮ್ಮ ಬಿದ್ದು ಬಿದ್ದು ನಕ್ಕರು. "ಇದ್ ಮೊದ್ಲ್ ನಾನ್ ಹೇಳಿದ್ದಲ್ಲ ಹೆಣ್ಣೆ! 'ಕಡಲೇ ನಿಮ್ಮ ತಾಯಿ ಅಲ್ದಾ' ಅಂತ ಆ ಮಾಣಿಯೇ ಕೇಂಡ. ಪಾಪ, ಉಂಬುಕೆ ಕೂತವ, ಇಲ್ಲೆ ಅಂಬುದ್ ಹ್ಯಾಂಗೆ? ಹೂಂ ಅಂದೆ."