ಮುಕ್ಕಾಲು ಕಪ್ಪಿನ ಹುಗ್ಗಿ

ಅನ್ನದ ಕುಕ್ಕರಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಪ್ಪು ಆ ಶನಿವಾರ ಬೆಳಿಗ್ಗೆ ಸಿಗಲಿಲ್ಲ. ಅಮೆರಿಕದ ಎಲಿಕಾಟ್ ಸಿಟಿಯ ಸಿದ್ಧಲಿಂಗೇಶನ ಫಜೀತಿ ಶುರುವಾದದ್ದು ಅಲ್ಲಿಂದ.

ಪಕ್ಕದ ಊರು ಕೊಲಂಬಿಯಾದ ಸಭಾಭವನದಲ್ಲಿ ಅಂದು ಬಸವ ಜಯಂತಿ. ಪ್ರತಿ ವರ್ಷವೂ ಅವನಿಗೆ ಕಾರು ನಿಲ್ಲಿಸುವ ಕೆಲಸ. ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಹೊಲದ ಬೆದರುಬೊಂಬೆಯಂತೆ ಕೈ ಚಾಚಿ ಬಿಸಿಲಲ್ಲಿ ನಿಂತು ಒಳಗೆ ಹೋಗುವಷ್ಟರಲ್ಲಿ ಸಿಹಿ ಗೋಧಿಹುಗ್ಗಿಯ ಪಾತ್ರೆ ಖಾಲಿ. ಈ ಸಲ ಸಂಘದ ಅಧ್ಯಕ್ಷ ವೀರಣ್ಣ ಮಾತು ಕೊಟ್ಟಿದ್ದರು: “ಹುಗ್ಗಿ ನಿಮ್ಮ ಮನಿದು. ಬಡಸೋದೂ ನೀವ. ಚಲೋ ಆತಂದ್ರ ಸೌಟು ಕಾಯಂ ನಿಮ್ದ, ಪಾರ್ಕಿಂಗ್ ಬ್ಯಾರೇದವ್ರು ನೋಡ್ಕೋತಾರ.”

ಗೋಧಿ ಬೆಂದಿತ್ತು. ಬೆಲ್ಲ ಹಾಕುವ ಮೊದಲೇ ಹೆಂಡತಿ ಡಾಕ್ಟರ್ ರೇಣುಕಾದೇವಿಗೆ ಆಸ್ಪತ್ರೆಯಿಂದ ಕರೆ ಬಂತು. “ಬೆಲ್ಲ ಹದಿಮೂರೂವರಿ ಕಪ್ಪು ಹಾಕ್ರಿ. ನಿಮ್ಮ ತಲಿ ಓಡಸಬ್ಯಾಡ್ರಿ,” ಎನ್ನುತ್ತಲೇ ಕಾರು ಹತ್ತಿದಳು.

ಮನೆಯೆಲ್ಲ ಹುಡುಕಿದಾಗ ಸಿಕ್ಕಿದ್ದು ಮಗಳ ಕೇಕಿನ ಸಾಮಾನಿನೊಳಗಿನ ಮುಕ್ಕಾಲು ಕಪ್ಪಿನ ಅಳತೆ ಒಂದೇ. ಸಿದ್ಧಲಿಂಗೇಶ ತಲೆ ಓಡಿಸಿದ. ಹದಿಮೂರೂವರೆಯ ಮುಕ್ಕಾಲು ಪಾಲು ಹತ್ತು ಚಿಲ್ಲರೆ ಎಂದು ಗಟ್ಟಿಯಾಗಿಯೇ ಲೆಕ್ಕ ಹಾಕಿದ. ಬೆಲ್ಲ ತುಂಬಿ ಎತ್ತಿದ.

“ನಿಲ್ಲಿಸ್ರೀ!” ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ಶೇಷಾದ್ರಿ ಬಾಗಿಲಲ್ಲೇ ಕೂಗಿದರು. ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. “ಕಪ್ಪು ಸಣ್ಣದಾದ್ರೆ ಜಾಸ್ತಿ ಸಲ ಹಾಕ್ಬೇಕು ಕಣ್ರೀ, ಕಡಿಮೆ ಹೇಗಾಗುತ್ತೆ? ಗುಣಾಕಾರ ಅಲ್ಲ, ಭಾಗಾಕಾರ! ಮುಕ್ಕಾಲನ್ನ ತಲೆಕೆಳಗು ಮಾಡಿ.”

ಗಾಬರಿಯಲ್ಲಿ ಸಿದ್ಧಲಿಂಗೇಶ ಕೈಯಲ್ಲಿದ್ದ ಕಪ್ಪನ್ನೇ ತಲೆಕೆಳಗು ಮಾಡಿದ. ಬೆಲ್ಲ ಚಪ್ಪಲಿಯ ಮೇಲೆ ಬಿತ್ತು.

“ಕಪ್ಪನ್ನಲ್ಲ, ಸಂಖ್ಯೇನ! ಮೂರರ ಮೇಲೆ ನಾಲ್ಕು, ಅದರಿಂದ ಗುಣಿಸಿ. ಎಷ್ಟಾಯ್ತು?”

“ಹ… ಹದಿನೆಂಟು, ಅಂಕಲ್.”

“ಶಭಾಷ್!”

ಹದಿನೆಂಟು ಸಲ ಬೆಲ್ಲ ಬಿತ್ತು.

ಸಭಾಭವನದಲ್ಲಿ ಸಿದ್ಧಲಿಂಗೇಶ ಸೌಟು ಹಿಡಿದು ಮದುಮಗನ ಹಾಗೆ ನಿಂತಿದ್ದ. ಮೊದಲ ಪಂಕ್ತಿಗೆ ಬಡಿಸಿ ಮುಗಿಯುವ ಹೊತ್ತಿಗೆ ರೇಣುಕಾದೇವಿ ಬಂದಳು. ಕೈಯಲ್ಲಿ ಕುಕ್ಕರಿನ ಕಪ್ಪು!

“ನಿನ್ನೆ ಇದರಾಗ ಚುರುಮುರಿ ಒಯ್ದಿದ್ದೆ, ಕಾರಿನಾಗ ಉಳದಿತ್ತು. ಬೆಲ್ಲ ಯಾವುದ್ರಲೆ ಅಳದ್ರಿ?”

ಅವನು ಹೆಮ್ಮೆಯಿಂದ ಭಾಗಾಕಾರ ವಿವರಿಸಿದ. ಅವಳು ಕೈಯಲ್ಲಿದ್ದ ಕಪ್ಪನ್ನು ಅವನ ಮೂಗಿನ ಮುಂದೆ ಹಿಡಿದಳು.

“ಅಯ್ಯ ನಿಮ್ಮ! ಈ ಕುಕ್ಕರ್ ಕಪ್ಪೂ ಮುಕ್ಕಾಲು ಕಪ್ಪಿಂದನ! ನಾ ಹೇಳಿದ್ದು ಇದರ್ಲೆ ಹದಿಮೂರೂವರಿ. ನೀವು ಹಾಕಿದ್ದು ಹದಿನೆಂಟು!”

ಅಷ್ಟರಲ್ಲಿ ವೀರಣ್ಣ ಖಾಲಿ ಬಟ್ಟಲು ಹಿಡಿದು ಇತ್ತಲೇ ಬಂದರು. ಸಿದ್ಧಲಿಂಗೇಶನ ಕಣ್ಣಿಗೆ ಕಿತ್ತಳೆ ಅಂಗಿ ಕಟ್ಟಿತು.

“ಏನ್ ಹುಗ್ಗಿರೀ ಇದು!” ವೀರಣ್ಣ ತುಟಿ ಚಪ್ಪರಿಸಿದರು. “ಎಲ್ಲಾರೂ ಶುಗರ್ ಶುಗರ್ ಅಂತ ಸಪ್ಪಂದು ಮಾಡಿ ತರ್ತಿದ್ರು. ಇವತ್ತ ನಾಲಿಗಿಗೆ ಜೀವ ಬಂತು.”

“ಎಲ್ಲ ಲೆಕ್ಕದ ಮಹಿಮೆ,” ಜಯಂತಿಗೆ ತಾವೂ ಬಂದಿದ್ದ ಶೇಷಾದ್ರಿ ಪಂಕ್ತಿಯಿಂದಲೇ ಸಾರಿದರು. “ಹದಿಮೂರೂವರೆಯನ್ನ ಮುಕ್ಕಾಲಿಂದ ನಿಂತಲ್ಲೇ ಭಾಗಿಸಿದ್ರು!”

ವೀರಣ್ಣನ ಕಣ್ಣು ಅರಳಿತು. “ಹೌದೇನು? ಹಂಗಾರ ಸಮಸ್ಯೆ ಬಗಿಹರೀತು. ಹೊರಗ ವ್ಯಾನ್ ಎಲ್ಲಾ ಅಡ್ಡಾದಿಡ್ಡಿ ನಿಂತಾವು. ಒಂದೊಂದಕ್ಕ ಒಂದೂವರಿ ಜಾಗ ಬೇಕು, ಇರೋದು ಇಪ್ಪತ್ತೆರಡೂವರಿ. ಎಷ್ಟು ಹಿಡೀತಾವ ಅಂತ ಒಬ್ರಿಗೂ ಗೊತ್ತಾಗವಲ್ದು. ಪಾರ್ಕಿಂಗಿಗೆ ನೀವ ಬೇಕು, ಕಾಯಂ!”

“ಅಣ್ಣಾರ, ನನ್ನ ಲೆಕ್ಕ ತಪ್ಪಿತ್ತರಿ! ಖರೇನ ತಪ್ಪಿತ್ತು! ಇವಳನ್ನ ಕೇಳ್ರಿ!”

“ನೋಡ್ರಿ, ಇಷ್ಟು ಶಾಣ್ಯಾ ಇದ್ರೂ ಎಷ್ಟು ವಿನಯ!” ಎನ್ನುತ್ತ ವೀರಣ್ಣ ಸೌಟನ್ನು ಕಿತ್ತು ಶೇಷಾದ್ರಿಗೆ ಕೊಟ್ಟು, ಕಿತ್ತಳೆ ಅಂಗಿಯನ್ನು ತಾವೇ ಮುಂದೆ ನಿಂತು ಸಿದ್ಧಲಿಂಗೇಶನಿಗೆ ತೊಡಿಸಿದರು.

ಹದಿನೈದನೆಯ ವ್ಯಾನನ್ನು ಗೆರೆಯೊಳಗೆ ನಿಲ್ಲಿಸಿ ಅವನು ಒಳಗೆ ಬಂದಾಗ, ಶೇಷಾದ್ರಿ ಪಾತ್ರೆಯ ತಳ ಕೆರೆಯುತ್ತಿದ್ದರು.