ಫ್ರೌ ಕ್ರಾಮರ್ ಅವರ ಹೆಣ್ಣುಮಕ್ಕಳ ಸಹಿ

ಅಪನಂಬಿಕೆಯೂ ಒಂದು ಪಿತ್ರಾರ್ಜಿತ ಆಸ್ತಿ. ಅದಕ್ಕೆ ನೋಂದಣಿ ಬೇಡ, ಪಾಲು ಕೇಳುವವರೂ ಇಲ್ಲ. ಪೂರ್ತಿ ನನಗೇ ಬಂದಿದೆ. ಮೈಸೂರಿನಲ್ಲಿ ನನ್ನಪ್ಪ ಕೊಂಡ ಸೈಟನ್ನು ಅದರ ಮಾಲೀಕ ಮೊದಲೇ ಇನ್ನೊಬ್ಬರಿಗೂ ಮಾರಿದ್ದ. ಆಮೇಲೆ ಅವನ ತಂಗಿ ಬಂದು ತನಗೂ ಪಾಲಿದೆ ಎಂದಳು. ನನ್ನ ಬಾಲ್ಯದ ಭಾನುವಾರಗಳೆಲ್ಲ ವಕೀಲರ ಜಗಲಿಯ ಮೇಲೆ ಕಳೆದವು. ಅಂದಿನಿಂದ ನಾನು ಏನೇ ಆದರೂ ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುವವಳು. ಗಂಡ ನವೀನ ಇದನ್ನು ಕಾಯಿಲೆ ಎನ್ನುತ್ತಾನೆ.

ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನಲ್ಲಿ, ನಮ್ಮಿಬ್ಬರ ಆಫೀಸಿಗೂ ಸೈಕಲ್ಲಿನ ದೂರದಲ್ಲಿ, ಫ್ರೌ ಕ್ರಾಮರ್ ಎಂಬ ವೃದ್ಧೆಯ ಮನೆ ಮಾರಾಟಕ್ಕಿತ್ತು. ಹಿತ್ತಲಲ್ಲಿ ಪೇರ್ ಹಣ್ಣಿನ ಮರ. ಎರಡು ವರ್ಷ ಮನೆ ನೋಡಿ ನೋಡಿ ದಣಿದಿದ್ದ ನಮಗೆ ಇದು ಕೈತಪ್ಪಿದರೆ ಇನ್ನೊಂದನ್ನು ನೋಡುವ ತ್ರಾಣವಿರಲಿಲ್ಲ. ಸುದ್ದಿ ಹೇಳಿದ್ದೇ ತಡ, ಅಪ್ಪ ಫೋನಿನಲ್ಲಿ "ಟೈಟಲ್ ಇನ್ಶೂರೆನ್ಸ್ ಮಾಡ್ಸಿದ್ಯಾ ಪುಟ್ಟಿ?" ಎಂದರು. ಕೊಂಡ ಮನೆಗೆ ನಾಳೆ ಇನ್ನೊಬ್ಬ ಮಾಲೀಕ ಹುಟ್ಟಿಕೊಂಡರೆ ನಷ್ಟ ತುಂಬಿಕೊಡುವ ವಿಮೆ ಅದು. ಅಮೆರಿಕದಲ್ಲಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ವಿಮಾ ಏಜೆಂಟನನ್ನು ಕೇಳಿದೆ. ಹಲ್ಲಿಗೆ, ನಾಯಿಗೆ, ಸೈಕಲ್ಲಿಗೆ, ನೆರೆಯವರ ಜೊತೆಗಿನ ಜಗಳಕ್ಕೂ ವಿಮೆ ಮಾರುವ ಮನುಷ್ಯ ಇದಕ್ಕೆ ಮಾತ್ರ ಇಲ್ಲವೆಂದು ತಲೆಯಾಡಿಸಿದ. ಇಲ್ಲಿ ಗ್ರುಂಡ್‌ಬುಖ್ ಎಂಬ ಸರ್ಕಾರಿ ಭೂದಾಖಲೆ ಇದೆಯಂತೆ. ಅದರಲ್ಲಿರುವ ಹೆಸರನ್ನು ನಂಬಿ ಕೊಂಡವರನ್ನು ಕಾನೂನೇ ಕಾಯುತ್ತದಂತೆ. ನೋಟಾರ್ ಎಂಬ ಕಾನೂನು ಅಧಿಕಾರಿ ಅದನ್ನು ಪರಿಶೀಲಿಸಿ, ಕರಾರನ್ನು ಎರಡೂ ಕಡೆಯವರ ಮುಂದೆ ಗಟ್ಟಿಯಾಗಿ ಓದುತ್ತಾರಂತೆ. ಇದನ್ನೆಲ್ಲ ಅಪ್ಪನಿಗೆ ವರದಿ ಮಾಡಿದೆ.

"ಪುಸ್ತಕದಲ್ಲಿ ಏನ್ ಬೇಕಾದ್ರೂ ಬರೀಬಹುದಮ್ಮ. ಆಕೆಗೆ ಮಕ್ಕಳೆಷ್ಟು?"

"ಇಬ್ರು ಹೆಣ್ಮಕ್ಕಳು."

"ಅವರ ಸಹಿ ಹಾಕಿಸ್ಕೋ."

"ಅಪ್ಪ, ಇದು ಜರ್ಮನಿ."

"ಜರ್ಮನಿಯಲ್ಲಿ ಹೆಣ್ಮಕ್ಕಳು ಪಾಲು ಕೇಳಲ್ವಾ?"

ನಾನು ಫ್ರೌ ಕ್ರಾಮರ್ ಅವರನ್ನು ನಿಜಕ್ಕೂ ಕೇಳಿಬಿಟ್ಟೆ. "ಅವರ ಸಹಿ ಯಾಕೆ? ನಾನಿನ್ನೂ ಸತ್ತಿಲ್ಲವಲ್ಲ!" ಎಂದು ಬಾಗಿಲು ಹಾಕಿಕೊಂಡರು. ಆ ದಿನದ ಡೈರಿಯಲ್ಲಿ ನವೀನನೇ ಬರೆದ: "ಮನೆ ಹೋಯಿತು." ಮೂರು ವಾರ ಸದ್ದಿಲ್ಲ. ಕೊನೆಗೆ ಅವನು ಹೂಗುಚ್ಛ ಹಿಡಿದು ಹೋಗಿ, ಮಾವನ ಸೈಟಿನ ಕತೆ ಹೇಳಿ ಬಂದ. ಅಜ್ಜಿ ಬಹಳ ನಕ್ಕರಂತೆ, ಒಪ್ಪಿದರಂತೆ. ಕನಿಕರ ಅಪ್ಪನ ಮೇಲೋ, ನನ್ನನ್ನು ಕಟ್ಟಿಕೊಂಡ ನವೀನನ ಮೇಲೋ ತಿಳಿಯದು. ಅಂತೂ ನೋಟಾರ್ ಬಳಿ ದಿನ ಗೊತ್ತಾಯಿತು. ಅವರು ಬಸ್ಸಿಗೆ ತಡವಾದ ಪುರೋಹಿತರ ಹಾಗೆ ಕರಾರು ಓದಿ ಮುಗಿಸಿ, "ಪ್ರಶ್ನೆಗಳಿವೆಯೇ?" ಎಂದಾಗ ನವೀನ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಪೇರ್ ಹಣ್ಣಾಗುವ ಹೊತ್ತಿಗೆ ಗ್ರುಂಡ್‌ಬುಖ್‌ನಲ್ಲಿ ನಮ್ಮ ಹೆಸರು ಬಂತು. ಒಂದು ಶನಿವಾರ ಮಹಿಳೆಯೊಬ್ಬರು ಗೇಟಿನ ಬಳಿ ನಿಂತು ಮನೆಯನ್ನೇ ದಿಟ್ಟಿಸುತ್ತಿದ್ದರು. ಫ್ರೌ ಕ್ರಾಮರ್ ಅವರ ಹಿರಿಮಗಳಂತೆ. ನನ್ನ ಜೀವ ಒಮ್ಮೆ ವಕೀಲರ ಜಗಲಿಗೆ ಹೋಗಿಬಂತು. ಅವರು ಕೇಳಿದ ಪಾಲು ಒಂದು ಬುಟ್ಟಿ ಹಣ್ಣು ಮಾತ್ರ. ಬುಟ್ಟಿ ತುಂಬಿಸಿ, ಕಾಫಿ ಕೊಟ್ಟು, ಹೊರಡುವಾಗ "ನೆನಪಿಗೆ ಎರಡು ಸಾಲು ಬರೆಯಿರಿ" ಎಂದು ಡೈರಿ ಮುಂದೆ ಹಿಡಿದೆ. "ಅಮ್ಮನ ಮನೆ ಒಳ್ಳೆಯವರ ಕೈ ಸೇರಿದೆ, ನನಗೆ ಸಂತೋಷ" ಎಂದು ಬರೆದು, ಇಲ್ಲಿನ ರೂಢಿಯಂತೆ ನಾನು ಕೇಳದೆಯೇ ಊರು, ತಾರೀಖು ನಮೂದಿಸಿ ಸಹಿ ಹಾಕಿದರು. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ.

"ಇನ್ನೊಬ್ಬಳದು?" ಎಂದು ಉತ್ತರ ಬಂತು.

ನವೀನ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆ ಸಹಿಯ ಪಕ್ಕದಲ್ಲಿ ಇನ್ನೊಂದಕ್ಕೆ ಬಿಟ್ಟಿದ್ದ ಜಾಗ ಅವನ ಕಣ್ಣಿಗೆ ಬೀಳುವ ಮೊದಲೇ ಡೈರಿ ಮುಚ್ಚಿದೆ.