ಮೂರು ಸೀಟಿಯ ನಿಯಮ

ವಸಂತ ಬಂತೆಂದರೆ ಜಗತ್ತಿಗೆಲ್ಲ ಸಂಭ್ರಮ. ಮರ ಚಿಗುರುತ್ತದೆ, ಹಕ್ಕಿ ಹಾಡುತ್ತದೆ, ಕವಿಗಳಿಗೆ ಕೈ ತುರಿಸುತ್ತದೆ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಮಾತ್ರ, ಬಾಲ್ಕನಿಯ ಕುಂಡದಲ್ಲಿ ಮೊದಲ ಚಿಗುರು ಕಂಡ ಬೆಳಿಗ್ಗೆ ಮನೆಯೊಡತಿಯ ಎದೆ ಧಸಕ್ಕೆಂದಿತು. ಮಕ್ಕಳನ್ನು ಒಳಗೇ ಕೂಡಿಹಾಕಲು ಚಳಿ ಎಂಬ ಘನವಾದ ಕಾರಣವೊಂದಿತ್ತು. ಅದೂ ಕೈಬಿಟ್ಟಿತು.

ಪಾಪ, ಆಕೆಯದೂ ತಪ್ಪಲ್ಲ. ಆಕೆಗೆ ಕೆಲಸ ವಿಮಾ ಕಚೇರಿಯ ಅಪಘಾತ ವಿಭಾಗದಲ್ಲಿ. ಯಾರು ಯಾರು ಎಲ್ಲೆಲ್ಲಿ ಹೇಗೆ ಬಿದ್ದರು ಎಂಬುದನ್ನು ದಿನಕ್ಕೆ ಎಂಟು ಗಂಟೆ ಓದಿ, ಅರ್ಜಿ ಮಂಜೂರು ಅಥವಾ ತಿರಸ್ಕೃತ ಎಂದು ಬರೆಯುವ ಉದ್ಯೋಗ. ‘ಘಟನೆ ನಡೆದ ಸ್ಥಳ: ಉದ್ಯಾನದ ಬೆಂಚು. ಗಾಯದ ಸ್ವರೂಪ: ಮುಂಗೈ ಮುರಿತ. ಬೀಳುವ ಮುನ್ನ ಅರ್ಜಿದಾರರು ಏನು ಮಾಡುತ್ತಿದ್ದರು: ಅಳಿಲು ನೋಡುತ್ತಿದ್ದರು.’ ಇಂಥದ್ದನ್ನು ಏಳು ವರ್ಷ ಓದಿದವರಿಗೆ ಅಳಿಲು ಅಳಿಲಾಗಿ ಕಾಣುವುದಿಲ್ಲ. ಬಾಲ ಬಂದ ಅಪಾಯವಾಗಿ ಕಾಣುತ್ತದೆ.

ಗಂಡನದು ಲಿಫ್ಟ್ ರಿಪೇರಿ. ವಾರಕ್ಕೆ ಆರು ದಿನ ಬಾವಿಯಂಥ ಕತ್ತಲೆಯಲ್ಲಿ ತಂತಿಗೆ ಜೋತುಬಿದ್ದು ದುಡಿಯುವ ಮನುಷ್ಯ. ಏಳನೇ ದಿನ ಅವನಿಗೆ ಬೇಕಾದದ್ದು ಆಕಾಶ ಒಂದೇ.

“ಈ ಸಲ ಪ್ರತಿ ಭಾನುವಾರ ಊರಾಚೆ ಕಾಡಿಗೆ ಹೋಗೋಣ ಕಣೇ. ಮಕ್ಕಳು ಮರ ಹತ್ತಲಿ, ತೊರೆಗೆ ಇಳೀಲಿ.”

“ಹತ್ತಲಿ, ಇಳೀಲಿ, ಆಮೇಲೆ ಬೀಳಲಿ. ಫಾರ್ಮ್ ನಾನು ತುಂಬ್ತೀನಿ.”

“ನಾನೆಲ್ಲ ಹಾಗೇ ಬೆಳೆದೋನು.”

“ಹೌದೌದು. ಗದ್ದದ ಮೇಲಿರೋ ಆ ಗಾಯದ ಗುರುತು ಹುಟ್ಟಿದಾಗಲೇ ಬಂದಿತ್ತಾ?”

ಗಂಡ ಮೆಲ್ಲಗೆ ಗದ್ದದ ಮೇಲೆ ಕೈ ಇಟ್ಟುಕೊಂಡ. ಆದರೆ ಆ ಹೊತ್ತಿಗೆ ಎಂಟು ವರ್ಷದ ಮಗಳು ಕ್ಯಾಲೆಂಡರಿನ ಮುಂದೆ ನಿಂತು ಬೇಸಿಗೆಯವರೆಗಿನ ಭಾನುವಾರಗಳಿಗೆಲ್ಲ ಹಸಿರು ಬಣ್ಣ ಹಚ್ಚಿಯಾಗಿತ್ತು. ಹನ್ನೊಂದು ಭಾನುವಾರ. (ಮನೆಯಲ್ಲಿ ಈ ಮಗಳನ್ನು ಎಲ್ಲರೂ ಕರೆಯುವುದು ಲಾಯರಮ್ಮ ಎಂದು. ಒಮ್ಮೆ ಆಡಿದ ಮಾತಿನಿಂದ ಅವಳೆದುರು ಯಾರೂ ಜಾರಿಕೊಂಡದ್ದಿಲ್ಲ. ಅವಳ ತಮ್ಮ, ನಾಲ್ಕು ವರ್ಷದವನು, ಬುಗುರಿ. ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ.)

ಹನ್ನೊಂದು ಹಸಿರು ಚೌಕಗಳನ್ನು ಆಕೆ ನೋಡಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಸರಿ ಎನ್ನಲು ಧೈರ್ಯ ಬರಲಿಲ್ಲ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ಉಪಾಯ ಹೂಡಿದಳು. ಮೊದಲ ಭಾನುವಾರ ಪರೀಕ್ಷಾರ್ಥ. ಆ ದಿನ ಯಾರಿಗಾದರೂ ಒಂದೇ ಒಂದು ಗೀರು ಬಿದ್ದರೂ, ಯಾರಾದರೂ ಕಣ್ಮರೆಯಾದರೂ ಉಳಿದ ಹತ್ತು ಭಾನುವಾರ ರದ್ದು. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ‘ವನವಿಹಾರ ಸುರಕ್ಷತಾ ಸಂಹಿತೆ’ ಎಂಬ ಮಹಾಗ್ರಂಥ ರಚನೆಯಾಯಿತು. ಹನ್ನೆರಡು ನಿಯಮಗಳು. ತಾಯಿ ಹೇಳಿದಳು, ಮಗಳು ಬರೆದಳು, ಎಲ್ಲರೂ ಸಹಿ ಹಾಕಿದರು. ಬುಗುರಿ ಜಾಮ್ ಮೆತ್ತಿದ ಹೆಬ್ಬೆಟ್ಟು ಒತ್ತಿದ.

ಅದರಲ್ಲಿ ಆಕೆಗೆ ಅತಿ ಹೆಮ್ಮೆಯದ್ದು ಏಳನೇ ನಿಯಮ: ‘ಮೂರು ಸೀಟಿ ಕೇಳಿಸಿದರೆ ಅಪಾಯ ಎಂದರ್ಥ. ಇದ್ದವರು ಇದ್ದಲ್ಲೇ ಹತ್ತಿರದ ಮರವನ್ನು ತಬ್ಬಿಕೊಂಡು ನಿಲ್ಲಬೇಕು. ಯಾರು ಕರೆದರೂ, ಏನು ಹೇಳಿ ಕರೆದರೂ ಬಿಡಬಾರದು. ಅಮ್ಮ ಬಂದು ಬೆನ್ನು ತಟ್ಟಿದ ಮೇಲೆ ಮಾತ್ರ ಬಿಡತಕ್ಕದ್ದು.’

“ಅಮ್ಮನೇ ಕಳೆದುಹೋದ್ರೆ?” ಲಾಯರಮ್ಮ ಪೆನ್ಸಿಲ್ ಎತ್ತಿ ಕೇಳಿದಳು.

“ಅಮ್ಮ ಕಳೆದುಹೋಗಲ್ಲ. ಬರಿ.”

ಶನಿವಾರ ಮನೆಯಲ್ಲೇ ತಾಲೀಮು. ಆಕೆ ಅಡುಗೆಮನೆಯಿಂದ ಮೂರು ಸೀಟಿ ಊದಿದಳು. ಮಗಳು ಬಾಗಿಲ ಚೌಕಟ್ಟನ್ನು ತಬ್ಬಿದಳು. ಗಂಡ ಫ್ರಿಜ್ ತಬ್ಬಿದ (ಮದುವೆಯಾಗಿ ಹತ್ತು ವರ್ಷದಲ್ಲಿ ಅಷ್ಟು ಹೊತ್ತು ಅವನು ಯಾರನ್ನೂ ತಬ್ಬಿದ್ದಿಲ್ಲ). ಬುಗುರಿ ಸೋಫಾ ಮೇಲಿಂದ ಧುಮುಕಿ, ಅಪ್ಪನ ಕಾಲು ತಬ್ಬಿ, ಅದನ್ನೂ ಬಿಟ್ಟು ಇನ್ನೊಮ್ಮೆ ಧುಮುಕಿದ. ಆಗ ತಾಯಿ ಪರೀಕ್ಷೆಗೆಂದು, “ಅಯ್ಯೋ, ಕೈ ಸುಟ್ಟಿತು, ಬನ್ರೋ!” ಎಂದು ಕಿರುಚಿದಳು. ಮಗಳು ಚೌಕಟ್ಟು ಬಿಟ್ಟು ಓಡಿಬಂದಳು.

“ಬಿಟ್ಯಾ? ಯಾಕೆ ಬಿಟ್ಟೆ? ಕಳ್ಳರೂ ಹೀಗೇ ಕರೀಬಹುದು! ಏನು ಹೇಳಿ ಕರೆದ್ರೂ ಬಿಡಬಾರದು ಅಂತ ನೀನೇ ಬರೆದಿದ್ದೀಯಲ್ಲ?”

ಮಗಳ ಕಣ್ಣಲ್ಲಿ ನೀರು ತುಂಬಿತು. ಇನ್ನು ಪ್ರಾಣ ಹೋದರೂ ಬಿಡುವುದಿಲ್ಲ ಎಂದು ಮಾತು ಕೊಟ್ಟಳು. ಅಷ್ಟರಲ್ಲಿ ಬಾಗಿಲು ದಬದಬ. ಕೆಳಗಿನ ಮನೆಯಾಕೆ, ಕೂದಲಿಗೆ ಟವೆಲ್ ಸುತ್ತಿಕೊಂಡು.

“ಏನಮ್ಮಾ, ಮನೇಲಿ ರೈಲು ಓಡಿಸ್ತಿದ್ದೀರಾ? ಸೀಟಿ ಬೇರೆ!”

“ಸುರಕ್ಷತಾ ತಾಲೀಮು ಆಂಟಿ.”

“ಯಾರ ಸುರಕ್ಷತೆ? ನನ್ನ ತಲೆ ಮೇಲೆ ಸೂರು ಬೀಳ್ತಿದೆ!”

ಭಾನುವಾರ ಬಂತು. ಆಕೆಯ ಬೆನ್ನ ಮೇಲಿನ ಚೀಲವನ್ನು ಕಂಡ ಬಸ್ ಕಂಡಕ್ಟರು, ಮನೆ ಖಾಲಿ ಮಾಡಿದಿರಾ ಎಂದು ಕೇಳಿದ. ಅದರಲ್ಲಿ ಊಟ, ನೀರು, ನಕ್ಷೆ, ಟಾರ್ಚು, ಹಗ್ಗ, ಮೂರು ಬಗೆಯ ಮುಲಾಮು, ನಾಲ್ಕು ಜೊತೆ ಕಾಲುಚೀಲ, ಸಾಲದ್ದಕ್ಕೆ ಗಂಡನ ಫೋನು. (ನಿಯಮ ನಾಲ್ಕು: ಕಾಡಿನಲ್ಲಿ ಫೋನು ನೋಡುತ್ತ ನಡೆದು ಬಿದ್ದವರು ಕಳೆದ ವರ್ಷ ಹದಿಮೂರು.) ಚೀಲದ ಪಟ್ಟಿಗಳಿಗೆ ಆಕೆಯ ಎದೆಯ ಮೇಲೊಂದು, ಸೊಂಟದ ಮೇಲೊಂದು, ಮಕ್ಕಳಿಗೆ ತೆಗೆಯಲಾಗದ ವಿಶೇಷ ಕೊಂಡಿಗಳು.

ಕಾಡು ಚೆನ್ನಾಗಿಯೇ ಇತ್ತು. ಎಳೆಬಿಸಿಲಿಗೆ ಹೊಸ ಎಲೆಗಳು ಆಗ ತಾನೇ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಆಕೆಗೆ ನೋಡಲು ಪುರಸೊತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸಬೇಕಿತ್ತು. ಗಂಡ ತೊರೆಯ ನೀರು ಕುಡಿದದ್ದನ್ನು ಕಂಡು ಒಮ್ಮೆ ಹೌಹಾರಿದಳು. ಬುಗುರಿಯ ಜೇಬಿನಿಂದ ಕಂಬಳಿಹುಳ ಇಣುಕಿದಾಗ ಕಿಟಾರನೆ ಕಿರುಚಿದಳು. ಮಗಳು ಬಿದ್ದ ಮರದ ದಿಮ್ಮಿಯ ಮೇಲೆ ನಡೆದಾಗ ಉಸಿರೇ ನಿಂತಿತು (ದಿಮ್ಮಿಯ ಎತ್ತರ ಒಂದು ಗೇಣು). ಆದರೆ ಮಧ್ಯಾಹ್ನವಾದರೂ ಒಂದು ಗೀರಿಲ್ಲ, ಯಾರೂ ಕಳೆದುಹೋಗಿಲ್ಲ. ಲಾಯರಮ್ಮ ಗಂಟೆಗೊಮ್ಮೆ ನೋಟ್‌ಬುಕ್ ತೆರೆದು ಒಂದು ಸೊನ್ನೆ ಬರೆಯುತ್ತಿದ್ದಳು.

ಆಗಲೇ ಗಾಳಿ ಬೀಸಿ ಬುಗುರಿಯ ಟೋಪಿ ಹಾರಿ, ದಾರಿಯ ಪಕ್ಕದ ಇಳಿಜಾರಿನ ಮುಳ್ಳುಪೊದೆಯೊಳಗೆ ಹೋಗಿ ಕೂತಿತು.

“ನಾನು ತರ್ತೀನಿ,” ಎಂದ ಗಂಡ.

“ಬೇಡ, ಬೇಡ. ನಿಮಗೆ ಜಾಗ್ರತೆ ಅನ್ನೋದಿಲ್ಲ. ನಾನು ಹೋಗ್ತೀನಿ. ನೀವು ಮುಂದೆ ನಡೀತಾ ಇರಿ, ಇಲ್ಲಿ ತಂಡಿ. ಮಕ್ಕಳಿಗೆ ಸೀನು ಬಂದೀತು.”

“ಒಂದು ಟೋಪಿ ತಾನೇ, ಬಿಡೇ.”

“ನೆತ್ತಿಗೆ ಬಿಸಿಲು ಬಡಿದರೆ ನೀವು ನೋಡ್ಕೊತೀರಾ?”

ತಂಡಿಯ ಭಯವೂ ಬಿಸಿಲಿನ ಭಯವೂ ಒಂದೇ ಉಸಿರಿಗೆ ಹೇಗೆ ಬಂದವೆಂದು ಕೇಳುವ ಧೈರ್ಯ ಗಂಡನಿಗಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ದಾರಿಯ ತಿರುವಿನಲ್ಲಿ ಮರೆಯಾದ.

ಟೋಪಿ ಸಿಕ್ಕಿತು. ಆಕೆ ವಿಜಯೋತ್ಸಾಹದಿಂದ ಹಿಂದಿರುಗಿದಳು, ಚೀಲ ಹಿಂದಿರುಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಪೊದೆಯೂ ಒಂದು ಹೆಜ್ಜೆ ಜೊತೆಗೆ ಬಂತು. ಬಲಕ್ಕೆ ತಿರುಗಿದಳು, ಸ್ವೆಟರಿನ ಬಲತೋಳು ಸಿಕ್ಕಿಕೊಂಡಿತು. ಎಡಕ್ಕೆ ತಿರುಗಿದಳು, ಎಡತೋಳೂ ಹೋಯಿತು. ಕೊಂಡಿಗೆ ಕೈ ಎಟುಕದು. ಹೇಗೋ ಎರಡು ಬೆರಳು ಹೊರಗೆಳೆದು, ಕತ್ತಿಗೆ ನೇತುಹಾಕಿಕೊಂಡಿದ್ದ ತನ್ನ ಫೋನಿನಲ್ಲಿ ಗಂಡನಿಗೆ ಕರೆ ಮಾಡಿದಳು. ಬೆನ್ನ ಹಿಂದೆಯೇ ಏನೋ ಗುರ್ ಎಂದು ಗುಡುಗಿತು. ಕರಡಿಯೇ ಬಂತೆಂದು ಆಕೆ ಕಣ್ಣು ಮುಚ್ಚಿದಳು. ಗಂಡನ ಫೋನು, ಚೀಲದ ತಳದಲ್ಲಿ, ಕಾಲುಚೀಲಗಳ ಮಧ್ಯೆ ನಿಷ್ಠೆಯಿಂದ ಬಡಿದುಕೊಳ್ಳುತ್ತಿತ್ತು.

ಉಳಿದದ್ದು ಕತ್ತಿನಲ್ಲೇ ನೇತಾಡುತ್ತಿದ್ದ ಸೀಟಿ. ಆಕೆ ಎದೆ ತುಂಬ ಉಸಿರೆಳೆದು ಮೂರು ಸಲ ಊದಿದಳು.

ತಿರುವಿನಾಚೆ ಕೇಳಿಸುತ್ತಿದ್ದ ಮಕ್ಕಳ ಮಾತು ಟಕ್ಕನೆ ನಿಂತಿತು. ಹೆಜ್ಜೆ ಸಪ್ಪಳ ನಿಂತಿತು. ಎಲ್ಲ ನಿಂತಿತು. ಅಯ್ಯೋ ದೇವರೇ! ಏಳನೇ ನಿಯಮ ಆಗ ನೆನಪಾಗಿ ಆಕೆಯ ಜಂಘಾಬಲ ಉಡುಗಿತು. (ಪೊದೆ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ, ಅಷ್ಟೆ.)

“ರೀ! ಬನ್ರೀ ಇಲ್ಲಿ!”

“ಅಮ್ಮಾ, ಚಿಂತೆ ಮಾಡ್ಬೇಡ!” ಲಾಯರಮ್ಮನ ಕಂಠ ಕಾಡಿಗೆಲ್ಲ ಕೇಳಿಸುವಂತೆ ಮೊಳಗಿತು. “ನಾವು ಮರ ತಬ್ಬಿಕೊಂಡಿದ್ದೀವಿ!”

“ಮರ ಬಿಡ್ರೋ! ನಾನು ಮುಳ್ಳಲ್ಲಿ ಸಿಕ್ಕಾಕ್ಕೊಂಡಿದ್ದೀನಿ!”

ಗಂಡನ ಅಳುಕಿನ ಧ್ವನಿ: “ನಿಜವಾಗ್ಲೂ ಸಿಕ್ಕಿಕೊಂಡಿರಬೇಕು ಪುಟ್ಟಾ, ಹೋಗಿ ನೋಡ್ಲಾ?”

“ಅಪ್ಪಾ, ಬಿಡಬೇಡ! ನಿನ್ನೆ ಕೈ ಸುಟ್ಟಿತು ಅಂದಿದ್ಲಲ್ಲ, ಇದೂ ಹಂಗೇ ಪರೀಕ್ಷೆ! ಬಿಟ್ರೆ ಹತ್ತು ಭಾನುವಾರ ಹೋಗುತ್ತೆ!”

“ಪರೀಕ್ಷೆ ಅಲ್ಲ ಕಣೇ ಕತ್ತೇ!” ಎಂದು ಆಕೆ ಅರಚಿದಳು.

“ನಿನ್ನೆನೂ ಹಿಂಗೇ ಕಿರುಚಿದ್ದೆ! ನಿನ್ನೆ ಇನ್ನೂ ಚೆನ್ನಾಗಿ ಕಿರುಚಿದ್ದೆ!”

ತಾನೇ ಹೆಣೆದ ಬಲೆ ಎಷ್ಟು ಗಟ್ಟಿ ಎಂಬುದು ಜೇಡಕ್ಕೆ ಗೊತ್ತಾಗುವುದು ತಾನೇ ಅದರೊಳಗೆ ಬಿದ್ದಾಗ. ಆಕೆಗೆ ಅಳು ಬಂತು. ಕಣ್ಣೊರೆಸಲು ಕೈ ಬರಲಿಲ್ಲ.

ಅಷ್ಟರಲ್ಲಿ ಪೊದೆಯ ಬುಡ ಅಲ್ಲಾಡಿತು. ಎಲೆಗಳ ಮಧ್ಯೆ ಬುಗುರಿಯ ಮುಖ ಕಾಣಿಸಿತು. ಅವನನ್ನು ಕಂಡು ಆಕೆಯ ಬಾಯಿಂದ ಬಂದ ಮೊದಲ ಮಾತು:

“ಮರ ಬಿಟ್ಟು ಯಾಕೋ ಬಂದೆ?”

“ಆ ಮರದಲ್ಲಿ ಇರುವೆ ಇತ್ತು,” ಎಂದ ಬುಗುರಿ. ನಿಯಮ ನೆನಪಾಗಿ, ಹತ್ತಿರಕ್ಕೆ ಸಿಕ್ಕ ಅಮ್ಮನ ಕಾಲನ್ನೇ ಗಟ್ಟಿಯಾಗಿ ತಬ್ಬಿಕೊಂಡ. ಆಮೇಲೆ ತಲೆ ಎತ್ತಿ ಕೊಂಡಿಗಳನ್ನು ನೋಡಿದ. ಮನೆಯ ಕಪಾಟುಗಳಿಗೆಲ್ಲ ಆಕೆ ಹಾಕಿಸಿದ್ದ ಮಕ್ಕಳ ಬೀಗಗಳನ್ನು ಗುಟ್ಟಾಗಿ ತೆಗೆದು ತೆಗೆದು ಪಳಗಿದ ಕೈ ಅದು. ಆಕೆ ಮಡಚಿದ ಮೊಣಕಾಲಿನ ಮೇಲೆ ಹತ್ತಿ ನಿಂತು ಟಿಕ್, ಟಿಕ್. ಮಕ್ಕಳಿಗೆ ತೆಗೆಯಲಾಗದ ಎರಡೂ ಕೊಂಡಿಗಳು ಬಿಚ್ಚಿಕೊಂಡವು. ಇವನು ಇದನ್ನು ಯಾವಾಗ ಕಲಿತ ಎಂದು ಆಕೆ ಬೆಚ್ಚಿಬಿದ್ದಳು. ಬೈಯುವ ಸ್ಥಿತಿಯಲ್ಲಿರಲಿಲ್ಲ.

ಚೀಲವನ್ನೂ ಸ್ವೆಟರನ್ನೂ ಪೊದೆಗೆ ಧಾರೆಯೆರೆದು, ಮಗನ ಕೈ ಹಿಡಿದು ದಾರಿಗೆ ಹತ್ತಿ, ತಿರುವು ದಾಟಿದಳು. ಬರೀ ಇಪ್ಪತ್ತು ಹೆಜ್ಜೆ. ಅಲ್ಲಿನ ದೃಶ್ಯ ಕಂಡು ನಿಂತಲ್ಲೇ ಕಲ್ಲಾದಳು.

ಒಂದು ಮರಕ್ಕೆ ಮಗಳು. ಒಂದಕ್ಕೆ ಗಂಡ. ಅದರಾಚೆಯ ಮರಕ್ಕೆ ಬಿಳಿ ಮೀಸೆಯ ಹಿರಿಯರೊಬ್ಬರು. ಅದರಾಚೆ ಊರುಗೋಲಿನ ಅಜ್ಜಿ, ಮತ್ತೊಂದಕ್ಕೆ ಇಬ್ಬರು ಅಕ್ಕತಂಗಿಯರಂಥ ಹೆಂಗಸರು, ಎರಡು ಕಡೆಯಿಂದ. ಭಾನುವಾರದ ನಡಿಗೆಗೆ ಬಂದ ನಿವೃತ್ತರ ತಂಡವಂತೆ. ಅಪ್ಪ ಮಗಳು ಮರ ತಬ್ಬಿ ನಿಂತದ್ದನ್ನು ಕಂಡು, ಯಾರೋ ಮರ ಕಡಿಯಲು ಬರುತ್ತಿದ್ದಾರೆಂದು ತೀರ್ಮಾನಿಸಿ, ಒಂದು ಮಾತೂ ಕೇಳದೆ ತಾವೂ ತಬ್ಬಿದ್ದರು.

“ಕೊಡಲಿ ಬಂತೇನಮ್ಮಾ?” ಬಿಳಿ ಮೀಸೆಯವರು ಮರ ಬಿಡದೆಯೇ ಕೇಳಿದರು.

“ಇಲ್ಲ ಸಾರ್, ಅದು...”

“ಬರಲಿ! ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದೋನು ನಾನು. ಎಂಥೆಂಥೋರನ್ನ ನೋಡಿದ್ದೀನಿ!”

ಗಂಡ ಕಣ್ಣಲ್ಲೇ ಬೇಡಿಕೊಂಡ: ದಯವಿಟ್ಟು ಬೆನ್ನು ತಟ್ಟು. ಆಕೆ ಮಗಳ ಬೆನ್ನು ತಟ್ಟಿದಳು, ಗಂಡನ ಬೆನ್ನು ತಟ್ಟಿದಳು.

“ಅವರಿಗೂ ತಟ್ಟಬೇಕು,” ಎಂದಳು ಲಾಯರಮ್ಮ. “ಇಲ್ಲಾಂದ್ರೆ ಪಾಪ, ಅಲ್ಲೇ ಇರ್ತಾರೆ.”

ಆಕೆ ಮುಖ ಕೆಂಪಾಗಿಸಿಕೊಂಡು ನಾಲ್ಕು ಅಪರಿಚಿತ ಬೆನ್ನುಗಳನ್ನೂ ತಟ್ಟಿದಳು.

“ಮರ ಉಳೀತಾ?” ಮೇಷ್ಟ್ರ ಕಣ್ಣು ತೇವವಾಗಿತ್ತು.

“ಉಳೀತು ಸಾರ್.”

ತಂಡ ಚಪ್ಪಾಳೆ ತಟ್ಟಿಕೊಂಡು ಮುಂದೆ ಹೋಯಿತು. ಗಂಡ ಚೀಲ ಬಿಡಿಸಿ ತರಲು ಪೊದೆಗೆ ಹೋದ. ಲಾಯರಮ್ಮ ನೋಟ್‌ಬುಕ್ ತೆಗೆದಳು. ತಾಯಿಯ ಕೈ, ಕತ್ತು, ಕೆನ್ನೆ ಸುತ್ತ ಬಂದು ಎಣಿಸಿದಳು.

“ಗೀರು ಹದಿನೇಳು,” ಎಂದಳು. ಧ್ವನಿ ಸಣ್ಣಗಾಯಿತು. “ಕಣ್ಮರೆ ಒಂದು, ಅದೂ ನೀನೇ. ಯಾರಿಗಾದರೂ ಅಂತ ಬರೆದಿದೆ. ಹಂಗಾದ್ರೆ... ರದ್ದು.”

ಗೆದ್ದದ್ದು ತಾಯಿಯೇ. ಕಾಡು ಅಪಾಯ ಎಂದು ಚಳಿಗಾಲದಿಂದ ಹೇಳುತ್ತ ಬಂದವಳು. ಈಗ ಮೈಮೇಲೆ ಹದಿನೇಳು ಸಾಕ್ಷಿ. ಆದರೆ ಮಗಳ ಕೆನ್ನೆಯ ಮೇಲೆ ಮರದ ತೊಗಟೆಯ ಅಚ್ಚು ಬಿದ್ದಿತ್ತು. ಅಮ್ಮ ಅಷ್ಟು ಕಿರುಚಿದರೂ ಬಿಡದೆ, ಕೊಟ್ಟ ಮಾತಿಗೆ ತಪ್ಪದೆ ಒತ್ತಿ ಹಿಡಿದ ಕೆನ್ನೆ.

ಆಕೆ ಗಂಟಲು ಸರಿಮಾಡಿಕೊಂಡಳು. ಏಳು ವರ್ಷದ ವೃತ್ತಿಜೀವನ ನೆರವಿಗೆ ಬಂತು.

“ಪೆನ್ಸಿಲ್ ತಗೋ. ಬರಿ. ಅರ್ಜಿದಾರರು: ಅಮ್ಮ. ಗಾಯಕ್ಕೂ ಕಣ್ಮರೆಗೂ ಕಾರಣ: ಅರ್ಜಿದಾರರ ಸ್ವಂತ ಅಜಾಗರೂಕತೆ. ಅಂಥದ್ದು ಲೆಕ್ಕಕ್ಕೆ ಬರೋದಿಲ್ಲ. ಅರ್ಜಿ ತಿರಸ್ಕೃತ.”

“ಅಜಾಗರೂಕತೆ? ನಿನ್ನದಾ?” ಮಗಳ ಬಾಯಿ ತೆರೆದುಕೊಂಡೇ ಇತ್ತು. ಚೀಲ ಹೊತ್ತು ಬಂದ ಗಂಡನ ಬಾಯಿಯೂ ಅಷ್ಟೇ ತೆರೆದುಕೊಂಡಿತು. (ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.)

“ಸಹಿ ಹಾಕು ಅಮ್ಮಾ,” ಎಂದಳು ಲಾಯರಮ್ಮ. ಬಾಯಿಮಾತನ್ನು ಅವಳು ನಂಬುವವಳಲ್ಲ. ಸಹಿಯಾಯಿತು. ಏಳನೇ ನಿಯಮಕ್ಕೆ ಅಡ್ಡಗೆರೆ ಬಿತ್ತು. ಸೀಟಿ ತಾಯಿಯ ಕತ್ತಿನಿಂದ ಬುಗುರಿಯ ಕತ್ತಿಗೆ ವರ್ಗಾವಣೆಯಾಯಿತು. ಹದಿಮೂರನೆಯದೊಂದು ಹೊಸದಾಗಿ ಸೇರಿತು: ‘ಹತ್ತು ನಿಮಿಷಕ್ಕೊಮ್ಮೆ ಅಮ್ಮನನ್ನು ಎಣಿಸುವುದು.’

ಸಂಜೆ ಮನೆಯ ಮೆಟ್ಟಿಲ ಬಳಿ ತಲುಪಿದಾಗ ಎಲ್ಲರೂ ಹಣ್ಣಾಗಿದ್ದರು. ಕೆಳಗಿನ ಮನೆಯಾಕೆ ಕಸದ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರನ್ನು ಕಂಡು ಬುಗುರಿಗೆ ಅದೇನು ಹುಮ್ಮಸ್ಸು ಬಂತೋ, ಸೀಟಿ ಬಾಯಿಗಿಟ್ಟು ಮೂರು ಸಲ ಊದಿದ.

ಗಂಡ ಅಲುಗಲಿಲ್ಲ, ನಿಯಮ ರದ್ದಾಗಿತ್ತಲ್ಲ. ಮಗಳು ತಿರುಗಿಯೂ ನೋಡದೆ ಮೆಟ್ಟಿಲು ಹತ್ತುತ್ತಿದ್ದಳು. ತಾಯಿ ಮಾತ್ರ, ತಾನೇ ಬರೆಸಿ, ತಾನೇ ಕಲಿಸಿ, ತಾನೇ ಅಡ್ಡಗೆರೆ ಎಳೆಸಿದ್ದನ್ನು ಮರೆತು, ಹತ್ತಿರಕ್ಕೆ ಸಿಕ್ಕದ್ದನ್ನು ಎರಡೂ ಕೈಗಳಿಂದ ಬಲವಾಗಿ ತಬ್ಬಿಕೊಂಡಳು.

ಕಸದ ಬುಟ್ಟಿ ಉರುಳಿತು. “ಅಯ್ಯಯ್ಯೋ! ಏನಮ್ಮಾ ಇದು?” ಎಂದು ಮರ ಚೀರಿತು.

ಮೇಲಿನ ಮೆಟ್ಟಿಲಿನಿಂದ ಲಾಯರಮ್ಮನ ಧ್ವನಿ ಕೇಳಿಸಿತು. ಹತ್ತು ನಿಮಿಷವಾಗಿತ್ತು.

“ಅಮ್ಮಾ, ಇದ್ದೀಯಾ?”

“ಇದ್ದೀನಿ,” ಎಂದಳು ಆಕೆ, ಕೆಳಗಿನ ಮನೆಯಾಕೆಯ ಹೆಗಲ ಮೇಲಿನಿಂದ.